ಸೀಟಿ ಊದುವ ಮೊದಲೇ ಓಡಿದವರು

ಬೆಳಗಿನ ಜಾವ. ಟೈಲರ್ ಅಂಗಡಿಯ ಬಾಗಿಲು ಅರ್ಧ ತೆರೆದಿದೆ. ಒಳಗೆ ಅಂಗಡಿಯೊಡತಿ ಕಾಣುವುದಿಲ್ಲ, ಅವರ ಪಾದಗಳು ಮಾತ್ರ ಕಾಣುತ್ತವೆ. ಮಿಕ್ಕ ಮೈಯೆಲ್ಲ ಒಂದು ಹರಿದ ಡೇರೆಯೊಳಗಿದೆ. "ಬಂದ್ರಾ? ಆ ಮೂಲೆ ಸ್ವಲ್ಪ ಎತ್ತಿ ಹಿಡ್ಕೊಳ್ಳಿ" ಎಂದು ಡೇರೆ ಮಾತಾಡುತ್ತದೆ. ಸಂದರ್ಶನಕ್ಕೆಂದು ಹೋದ ನಾನು ಪೆನ್ನು ಜೇಬಿಗಿಟ್ಟು ಮೂಲೆ ಹಿಡಿಯುತ್ತೇನೆ. ಸುಮ್ಮನೆ ನಿಂತವರನ್ನು ಕಂಡರೆ ಇವರಿಗಾಗುವುದಿಲ್ಲ.

ಹಗಲು ಪ್ಯಾಂಟು, ಶರ್ಟು ಹೊಲಿಯುವ ಇವರು ಸಂಜೆ ಪಕ್ಕದ ಶಾಲೆಯ ಸ್ಕೌಟ್ ಮಕ್ಕಳಿಗೆ ಗಂಟು ಹಾಕುವುದು, ಡೇರೆ ಎತ್ತುವುದು ಕಲಿಸುತ್ತಾರೆ. ಸಂಬಳದ ಸುದ್ದಿಯೇ ಇಲ್ಲ. ಮಕ್ಕಳಿಗೆ ಇವರು "ಅಕ್ಕ", ಗಂಡನಿಗೆ "ಕಮಾಂಡರ್". "ಮನೇಲಿ ಕೂರೋಕೆ ಒಂದು ಕುರ್ಚಿ ಉಳಿದಿತ್ತು, ಈಗ ಅದರ ಮೇಲೂ ಹಗ್ಗ" ಎನ್ನುತ್ತ ಯಜಮಾನರು ನಿಂತೇ ಟೀ ಕುಡಿಯುತ್ತಾರೆ.

ಈ ಸಾಮಾನಿಗೆಲ್ಲ ಶಾಲೆಯಲ್ಲೇ ಒಂದು ಕೋಣೆಯಿತ್ತು. ಈ ವರ್ಷ ಹೆಡ್‌ಮಾಸ್ಟರು ಖಡಾಖಂಡಿತವಾಗಿ ಹೇಳಿಬಿಟ್ಟರು: ಡೇರೆ ಸ್ಪರ್ಧೆಯ ಶೀಲ್ಡ್ ತಂದರೆ ಕೋಣೆ ನಿಮ್ಮದು, ಇಲ್ಲವಾದರೆ ಫುಟ್‌ಬಾಲ್ ತಂಡದ್ದು. ಅಕ್ಕ ಮಕ್ಕಳ ಬೆನ್ನು ಬಿದ್ದು, ಕಣ್ಣು ಮುಚ್ಚಿಕೊಂಡು ಡೇರೆ ಎತ್ತುವಷ್ಟು ಪಳಗಿಸಿದರು.

ಸ್ಪರ್ಧೆಯಲ್ಲಿ ಡೇರೆ ನಿಲ್ಲಿಸಿ ಮೊದಲು ಸೀಟಿ ಊದಿದವರು ಗೆದ್ದಂತೆ. ಅಕ್ಕನ ಮಕ್ಕಳ ಡೇರೆ ಎಲ್ಲರಿಗಿಂತ ಮುಂಚೆ ನಿಂತಿತು. ನಾಯಕಿ ಸೀಟಿ ತುಟಿಗಿಟ್ಟಳು. ಅಷ್ಟರಲ್ಲಿ ಪಕ್ಕದ ತಂಡದ ಡೇರೆ ದೊಪ್ಪೆಂದು ಕುಸಿಯಿತು, ಕಂಬ ನೋಡಲು ಒಳಗೆ ಬಗ್ಗಿದ್ದ ತೀರ್ಪುಗಾರರ ಸಮೇತ. ನಾಯಕಿ ಸೀಟಿ ಬಿಟ್ಟು ಅತ್ತ ಓಡಿದಳು, ಹಿಂದೆಯೇ ಇಡೀ ತಂಡ.

"ಮೊದ್ಲು ಊದೇ!" ಅಕ್ಕ ಕಿರುಚಿದರು.

"ಅಕ್ಕಾ, ಒಳಗೆ ಸಾರ್ ಸಿಕ್ಕಾಕ್ಕೊಂಡಿದಾರೆ!"

"ಇರ್ಲಿ ಬಿಡೇ, ಕೆಮ್ತಾ ಇದಾರಲ್ಲ, ಜೀವ ಇದೆ!"

ಈ ಮಾತು ಬಟ್ಟೆಯಡಿ ಕೆಮ್ಮುತ್ತಿದ್ದವರಿಗೂ ಕೇಳಿಸಿತು. ಅವರು ಹೊರಬಂದು, ಧೂಳು ಕೊಡವಿಕೊಂಡು, ಮಕ್ಕಳ ಬೆನ್ನು ತಟ್ಟಿ, ಅಷ್ಟರೊಳಗೆ ಸೀಟಿ ಊದಿದ್ದ ಇನ್ಯಾರಿಗೋ ಶೀಲ್ಡ್ ಕೊಟ್ಟರು.

"ಇನ್ನೊಬ್ಬರಿಗೆ ಆಗ್ರೋ ಅಂತ ಇಷ್ಟು ವರ್ಷ ಬಾಯಿ ನೋಯಿಸ್ಕೊಂಡೋಳು ನಾನು. ಮಕ್ಕಳು ನನ್ನ ಮಾತು ಕೇಳಿದ್ರು, ನಾನೇ ಕೇಳ್ಲಿಲ್ಲ" ಎಂದು ಅಕ್ಕ ಡೇರೆಯೊಳಗಿಂದ ನಗುತ್ತಾರೆ. ಆದರೂ ನಾಚಿಕೆ ಇನ್ನೂ ಆರಿಲ್ಲ.

ಕೋಣೆ ಹೋಯಿತು. ಗಿರಾಕಿಗಳು ಈಗ ಹಗ್ಗದ ರಾಶಿ ದಾಟಿ ಬಂದು ಅಳತೆ ಕೊಡುತ್ತಾರೆ. ಇಷ್ಟಕ್ಕೂ ಅಕ್ಕ ಹೊಲಿಯುತ್ತಿರುವುದು ತಮ್ಮ ಡೇರೆಯನ್ನಲ್ಲ, ಅವತ್ತು ಕುಸಿದು ಹರಿದ ಆ ಪಕ್ಕದ ತಂಡದ್ದನ್ನು. ಮಕ್ಕಳೇ ಹೊತ್ತು ತಂದು, "ಅಕ್ಕ ಹೊಲಿದು ಕೊಡ್ತಾರೆ" ಎಂದು ಅವರಿಗೆ ಮಾತು ಕೊಟ್ಟು ಬಂದಿದ್ದಾರಂತೆ. ಅಕ್ಕನನ್ನು ಒಂದು ಮಾತೂ ಕೇಳಿಲ್ಲ.

ಮುಂದಿನ ವರ್ಷ ಶೀಲ್ಡ್ ಬಂದರೆ ಕೋಣೆ ವಾಪಸ್ ಎಂದಿದ್ದಾರೆ ಹೆಡ್‌ಮಾಸ್ಟರು. ಹಾಗಾದರೆ ಮಕ್ಕಳಿಗೆ ಈ ಸಲ ಏನು ಹೇಳಿಕೊಡುತ್ತೀರಿ? ಅಕ್ಕ ಡೇರೆಯಿಂದ ತಲೆ ಹೊರಹಾಕುತ್ತಾರೆ, ಬಾಯಲ್ಲಿದ್ದ ದಾರ ತೆಗೆಯುತ್ತಾರೆ.

"ಓಡ್ಬೇಡಿ ಅನ್ನೋಕೆ ನನ್ನಿಂದಾಗಲ್ಲ, ಓಡ್ಲಿ. ಆದ್ರೆ ಆ ಹುಡುಗಿ ಸೀಟಿ ಬಾಯಲ್ಲೇ ಇಟ್ಕೊಂಡು, ಊದ್ತಾ ಊದ್ತಾ ಓಡ್ಲಿ."