ಆದೆಮ್ಮನ ಅಣ್ಣ ಬಂದ ದಿನ

ಹಿಂದೂಪುರದ ಹೆಣ್ಣುಮಕ್ಕಳ ಹಾಸ್ಟೆಲ್ಲೊಂದರಲ್ಲಿ ಆದೆಮ್ಮ ಅಡುಗೆ ಮಾಡುತ್ತಿದ್ದಳು. ತವರು ಕಲ್ಯಾಣದುರ್ಗ. ಮದುವೆಯಾಗಿ ಇಲ್ಲಿಗೆ ಬಂದ ನಾಲ್ಕನೇ ವರ್ಷ ಗಂಡ ತೀರಿಕೊಂಡ. ಆಗ ದಿನವೂ ಬಂದು ಪಕ್ಕದಲ್ಲಿ ಕೂತವಳು ನಮ್ಮ ಕ್ರೈಸ್ತ ಸಭೆಯ ಹಿರಿಯಳಾದ ಶಿವಲಕ್ಷ್ಮಮ್ಮ. ಅವಳ ಜೊತೆ ಪ್ರಾರ್ಥನೆಗೆ ಬರತೊಡಗಿದ ಆದೆಮ್ಮ ೧೯೭೯ರಲ್ಲಿ ದೀಕ್ಷಾಸ್ನಾನ ಪಡೆದಳು. ಸುದ್ದಿ ಕಲ್ಯಾಣದುರ್ಗ ಮುಟ್ಟಿತು. ಅಣ್ಣ ಯರ್ರಿಸ್ವಾಮಿ ಒಂದೇ ಮಾತು ಹೇಳಿ ಕಳಿಸಿದ: ಈ ಮನೆಯ ಹೊಸ್ತಿಲು ತುಳಿಯಬೇಡ.

ಅಪ್ಪನಿಲ್ಲದ ಮನೆಯಲ್ಲಿ ಅವಳನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು ಆ ಅಣ್ಣ. ದೇವರು ಅವನ ಮನಸ್ಸು ತಿರುಗಿಸುತ್ತಾನೆಂದು ಆದೆಮ್ಮ ಎರಡು ವರ್ಷ ಕಾದಳು. ಆಮೇಲೆ ತಡೆಯಲಾರದೆ ಸಭೆಯ ಮೂವರು ಹಿರಿಯರನ್ನು ಕರೆದುಕೊಂಡು ಬಸ್ಸು ಹತ್ತಿದಳು. ಬೀದಿಯವರೆಲ್ಲ ನೋಡುತ್ತಿರುವಾಗಲೇ ಯರ್ರಿಸ್ವಾಮಿ, "ನನ್ ಮ್ಯಾಲೆ ಪಂಚಾಯ್ತಿ ಮಾಡಾಕೆ ಜನ ಕರ್ಕೊಂಡು ಬಂದ್ಬುಟ್ಯಾ?" ಎಂದು ಬಾಗಿಲು ಹಾಕಿಕೊಂಡ. ಒಳಗೆ ತಾಯಿ ಕೆಮ್ಮುವುದು ಕೇಳಿಸಿತು. ನಾಲ್ವರೂ ನೀರು ಕೂಡ ಕುಡಿಯದೆ ಹಿಂದಿರುಗಿದರು.

"ನಾನು ದೇವ್ರನ್ನ ಕೇಳ್ಕೊಂಡಿದ್ದೇ ತಪ್ಪಾ ಅಕ್ಕಾ?" ಎಂದು ಆದೆಮ್ಮ ಶಿವಲಕ್ಷ್ಮಮ್ಮನನ್ನು ಕೇಳಿದಳು.

"ಕೇಳಿದ್ದು ತಪ್ಪಲ್ಲ ಕಣಮ್ಮ. ಆತನಿಗಿಂತ ಮುಂದೆ ಓಡ್ಬುಟ್ಟೆ, ಅಷ್ಟೆ."

"ಆತನ ಸಮಯ ಬರೋ ಹೊತ್ತಿಗೆ ನಮ್ಮವ್ವ ಇರ್ತಾಳಾ?"



ಅಂದಿನಿಂದ ಆದೆಮ್ಮ ಯಾರನ್ನೂ ರಾಯಭಾರಕ್ಕೆ ಕಳಿಸಲಿಲ್ಲ. ಬೆಳಿಗ್ಗೆ ಒಲೆ ಹಚ್ಚುವ ಮುನ್ನ ಅಣ್ಣನ ಹೆಸರು ಹೇಳಿ ಪ್ರಾರ್ಥಿಸುತ್ತಿದ್ದಳು. ವರ್ಷಕ್ಕೆರಡು ಕಾಗದ ಬರೆಯುತ್ತಿದ್ದಳು. ಅದರಲ್ಲಿ ಧರ್ಮದ ಮಾತಿರಲಿಲ್ಲ. ಹಾಸ್ಟೆಲ್ಲಿನ ಹುಡುಗಿಯರ ತಂಟೆ, ಅವ್ವನ ಕೆಮ್ಮು ಹೇಗಿದೆ, ಈ ಸಲ ಕಡಲೆಕಾಯಿ ಹೇಗೆ ಬಂತು, ಇಷ್ಟೆ. ಒಂದಕ್ಕೂ ಉತ್ತರ ಬರಲಿಲ್ಲ.

೧೯೮೬ರಲ್ಲಿ ತಾಯಿ ತೀರಿಕೊಂಡಳು. ಮಣ್ಣು ಮಾಡಿ ಹತ್ತು ದಿನವಾದ ಮೇಲೆ ಆದೆಮ್ಮನಿಗೆ ಗೊತ್ತಾಯಿತು. ಒಂದೆರಡು ತಿಂಗಳು ಸಭೆಗೆ ಬಂದರೂ ಅವಳು ಹಾಡಲಿಲ್ಲ. ಎಲ್ಲಕ್ಕೂ ದೇವರ ಸಮಯವಿದೆ ಎಂದವರಿಗೆ, "ಆತನ ಸಮಯ ಆತನಿಗೆ ಗೊತ್ತು. ನಂಗೆ ನಮ್ಮವ್ವ ಬೇಕಿತ್ತು," ಎಂದಳು. ಆದರೂ ಒಲೆಯ ಮುಂದಿನ ಪ್ರಾರ್ಥನೆ ಬಿಡಲಿಲ್ಲ. ಯುಗಾದಿ ಹತ್ತಿರವಾದಾಗ ಮತ್ತೆ ಕಾಗದ ಬರೆದಳು.

೧೯೯೨ರಲ್ಲಿ ಒಂದು ಮಧ್ಯಾಹ್ನ ಯರ್ರಿಸ್ವಾಮಿ ಹಾಸ್ಟೆಲ್ಲಿನ ಗೇಟಿನಲ್ಲಿ ನಿಂತಿದ್ದ. ತಲೆ ಪೂರ್ತಿ ನರೆತಿತ್ತು. ಜೊತೆಗೆ ಮಗಳು ರಾಮಾಂಜಿನಮ್ಮ. ಅವಳಿಗೆ ಹಿಂದೂಪುರದಲ್ಲಿ ಟೀಚರ್ ಟ್ರೈನಿಂಗ್ ಸೀಟು ಸಿಕ್ಕಿತ್ತು, ಇರಲು ಜಾಗವಿರಲಿಲ್ಲ.

ಹದಿಮೂರು ವರ್ಷ ಮನಸ್ಸಿನಲ್ಲೇ ಜೋಡಿಸಿಟ್ಟ ಮಾತುಗಳಲ್ಲಿ ಒಂದೂ ಆದೆಮ್ಮನ ಬಾಯಿಗೆ ಬರಲಿಲ್ಲ. "ಕಾಲು ತೊಳ್ಕೊ ಅಣ್ಣ, ಮುದ್ದೆ ಬಿಸಿ ಐತೆ," ಎಂದಳು.

ಊಟಕ್ಕೆ ಕೂತಾಗ ರಾಮಾಂಜಿನಮ್ಮ, "ಅತ್ತೆ, ನಿನ್ನ ಕಾಗದ ಎಲ್ಲಾ ನಾನೇ ಓದ್ತಿದ್ದೆ. ಅಪ್ಪ ಗೋಡೆ ಕಡೆ ಮಕ ಮಾಡ್ಕೊಂಡು ಮಲಗಿರೋನು. ನಿಲ್ಸಿದ್ರೆ, ಮುಂದಕ್ಕೆ ಓದು ಅನ್ನೋನು," ಎಂದಳು.

ಯರ್ರಿಸ್ವಾಮಿ ಮುದ್ದೆ ಮುರಿದು ಸಾರಿಗೆ ಅದ್ದಿದ.

"ಹೋಗೋವಾಗ ಅವ್ವ ನನ್ನ ಕೇಳಿದ್ಲಾ?" ಆದೆಮ್ಮ ಕೇಳಿದಳು.

"ಕೇಳಿದ್ಲು. ನಾನೇ ಹೇಳಿ ಕಳಿಸ್ಲಿಲ್ಲ," ಎಂದ. ತಟ್ಟೆಯಿಂದ ಕೈ ತೆಗೆದು, "ತಪ್ಪಾಯ್ತು ಕಣಮ್ಮ," ಎಂದ.

ಆದೆಮ್ಮ ಎದ್ದು ಒಳಗೆ ಹೋದಳು. ತಿರುಗಿ ಬಂದಾಗ ಕಣ್ಣು ಕೆಂಪಾಗಿದ್ದವು. ಅಣ್ಣನ ತಟ್ಟೆಗೆ ಇನ್ನಷ್ಟು ಸಾರು ಬಿಟ್ಟಳು.

ರಾಮಾಂಜಿನಮ್ಮ ಎರಡು ವರ್ಷ ಆದೆಮ್ಮನ ಕೋಣೆಯಲ್ಲೇ ಇದ್ದು ಓದಿದಳು. ಯರ್ರಿಸ್ವಾಮಿ ತಿಂಗಳಿಗೊಮ್ಮೆ ಬರುತ್ತಿದ್ದ. ನಿಮ್ಮಣ್ಣ ಸಭೆಗೆ ಬರುವುದು ಯಾವಾಗ ಎಂದು ನಾನೊಮ್ಮೆ ಕೇಳಿದೆ.

"ಮನೆಗೆ ಬತ್ತಾವ್ನೆ, ಉಣ್ತಾವ್ನೆ. ಮಿಕ್ಕಿದ್ದು ನನ್ನ ಕೆಲ್ಸ ಅಲ್ಲ," ಎಂದು ಆದೆಮ್ಮ ಅಕ್ಕಿ ಆರಿಸುವುದನ್ನು ಮುಂದುವರಿಸಿದಳು.