ಹಿನ್ನೀರಿನಡಿಯ ಕೂಸು

ಚಾಮುಂಡಮ್ಮ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ರೇಷನ್ ಅಂಗಡಿಯವನು ಗದರಿಸಿ ಕೇಳಿದರೂ ಪಕ್ಕದವರಿಂದ ಹೇಳಿಸುತ್ತಿದ್ದಳು. ಗಂಡ ತೀರಿಕೊಂಡ ಮೇಲೂ ಆ ಸಂಕೋಚ ಹೋಗಲಿಲ್ಲ.

ಕಬಿನಿ ಅಣೆಕಟ್ಟೆ ತುಂಬಿ ಊರು ಮುಳುಗಿದಾಗ ಗಂಡ ಹೆಂಡತಿ ಗಾಡಿ ಕಟ್ಟಿಕೊಂಡು ಬೀಚನಹಳ್ಳಿ ಕಡೆಗೆ ಬಂದಿದ್ದರು. ಹೋದ ಹೊಲ, ಮನೆಗೆ ಪರಿಹಾರವೆಂದು ಏನೋ ಒಂದಿಷ್ಟು ಸಿಕ್ಕಿತು. ಹೊಲದ ಬದುವಿನಲ್ಲಿ ಹೂತಿದ್ದ ಚೊಚ್ಚಲ ಹೆಣ್ಣುಕೂಸು ಮಾತ್ರ ಯಾವ ಲೆಕ್ಕಕ್ಕೂ ಬರಲಿಲ್ಲ. ಹೆಸರಿಡುವ ಮುಂಚೆಯೇ ಹೋದ ಕೂಸು. ಹೂತು ಬಂದ ದಿನದಿಂದ ಗಂಡ ಅದರ ಸುದ್ದಿಯೆತ್ತಲಿಲ್ಲ. ಅವನಿಗೆ ನೆನಪಾದರೂ ಇದೆಯೋ ಇಲ್ಲವೋ ಎಂಬ ಸಂಕಟ ಇವಳನ್ನು ಆಯುಷ್ಯವೆಲ್ಲ ತಿಂದಿತು. ಕೇಳಲು ಧೈರ್ಯವಿರಲಿಲ್ಲ.

ತೊಂಬತ್ತೆಂಟರಲ್ಲಿ ಮೈಸೂರಿನಿಂದ ಯಾರೋ ಬಂದು, ಊರು ಕಳೆದುಕೊಂಡವರ ಮಾತನ್ನೆಲ್ಲ ಕ್ಯಾಸೆಟ್ಟಿಗೆ ತುಂಬಿಕೊಂಡು ಹೋದರು. ಗಂಡ ಜಗಲಿಯಲ್ಲಿ ಕೂತು ಸಂಜೆವರೆಗೆ ಮಾತಾಡಿದ್ದ. ಇವಳು ಕಳೆ ಕೀಳಲು ಹೋಗಿದ್ದಳು. ಹತ್ತು ವರ್ಷದ ಮೇಲೆ, ಅವನೂ ಸತ್ತ ಮೇಲೆ, ಆ ಮಾತೆಲ್ಲ ಇಂಟರ್‌ನೆಟ್‌ನಲ್ಲಿ ಸಿಗುತ್ತದೆಂದು ಬಸ್ಸಿನಲ್ಲಿ ಯಾರೋ ಹೇಳಿದರು. ಮಕ್ಕಳಿಗೂ ಹೇಳದೆ ಎಚ್.ಡಿ. ಕೋಟೆಯ ಕಂಪ್ಯೂಟರ್ ಅಂಗಡಿಗೆ ಹೋದಳು.

ಅಂಗಡಿಯ ರಾಧಾ ಪಕ್ಕದಲ್ಲಿ ಕೂರಿಸಿಕೊಂಡಳು. "ಯಾರ್ದು ಬೇಕು, ಎಸ್ರು ಏಳಿ ಅಜ್ಜಿ. ಟೈಪ್ ಮಾಡುದ್ರೆ ಸಿಕ್ತದೆ."

"ನಮ್ಮನೇವ್ರುದು ಕಣವ್ವ."

"ಅಂಗಂದ್ರೆ ಎಂಗಜ್ಜಿ? ಎಲ್ರ ಮನೇವ್ರೂ ಅವ್ರೆ ಇದ್ರಲ್ಲಿ!"

ಚಾಮುಂಡಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. "ಹುಚ್ಚಯ್ಯ," ಎಂದಳು. ಎಂದವಳೇ ಕೆನ್ನೆ ಕೆನ್ನೆ ಬಡಿದುಕೊಂಡಳು.

ಸಿಕ್ಕಿತು. ಯಾವ ಮಾತು ಎಲ್ಲಿದೆಯೆಂದು ಬೇರೆ ಬೇರೆಯಾಗಿ ಬರೆದಿಟ್ಟಿದ್ದರು, ಪುಣ್ಯಾತ್ಮರು: ಹೊಲ, ಮನೆ, ಮಕ್ಕಳು, ಎತ್ತು. ರಾಧಾ ಓದಿ ಹೇಳಿದಳು.

"ಮಕ್ಳುದ್ದು ಆಕವ್ವ."

ಗಂಡನ ಕೆಮ್ಮು ಕೇಳಿದ್ದೇ ತಡ, ಅವಳ ಕಣ್ಣು ತುಂಬಿತು. ಎಷ್ಟು ಮಕ್ಕಳು ಎಂದು ಕ್ಯಾಸೆಟ್ಟಿನಲ್ಲಿ ಯಾರೋ ಕೇಳಿದರು.

"ಎಲ್ಡು ಸಾ, ಎಲ್ಡೂ ಗಂಡೇ. ದೇವ್ರು ಏನೂ ಕಮ್ಮಿ ಮಾಡಿಲ್ಲ ಬುಡಿ," ಎಂದು ಹುಚ್ಚಯ್ಯ ನಕ್ಕ.

ಅಷ್ಟೇ. ಮುಂದೆ ಎತ್ತಿನ ಮಾತು ಶುರುವಾಯಿತು.

ಚಾಮುಂಡಮ್ಮ ಮೆಲ್ಲಗೆ ಕೇಳಿದಳು: "ಮೂರು ಅಂತ ಸೇರ್ಸಕ್ಕಾಯ್ತದೇನವ್ವ? ಒಂದೆಣ್ಣು ಇತ್ತು."

"ಆಗಲ್ಲ ಅಜ್ಜಿ. ಅವ್ರು ಏಳಿದ್ದೇ ಇರ್ತದೆ. ಇನ್ಮೇಲೆ ಯಾರ್ ಕೇಳುದ್ರೂ ಅದೇಯ."

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡುವಂತೆ ಚಾಮುಂಡಮ್ಮ ಅತ್ತಳು.