ಗುಬ್ಬಿ ಬಸ್ಸಿನಲ್ಲಿ ಕಲ್ಲು ಆರಿಸಿದವಳು

ನರ್ಸಿಂಗ್ ಪಾಸು ಮಾಡಿ, ತುಮಕೂರಿನ ಒಂದು ಖಾಸಗಿ ಆಸ್ಪತ್ರೆಗೆ ಸೇರಿದ ಎರಡು ತಿಂಗಳಿಗೆ ಗುಬ್ಬಿಯ ಶಾಹೀನ್ ರಾಜೀನಾಮೆ ಪತ್ರ ಬರೆದು ಬ್ಯಾಗಿನಲ್ಲಿಟ್ಟುಕೊಂಡಳು. ಅದನ್ನು ಕೊಡಲಿಲ್ಲ, ಹರಿದು ಹಾಕಲೂ ಇಲ್ಲ. ಊಟದ ಡಬ್ಬಿಯ ಪಕ್ಕದಲ್ಲಿ ಅದೂ ದಿನಾ ಗುಬ್ಬಿಯಿಂದ ತುಮಕೂರಿಗೆ ಹೋಗಿ ಬರುತ್ತಿತ್ತು.

ಕಾರಣ ಪ್ರಮೀಳಾ ಸಿಸ್ಟರ್. ಹೊಸಬರಿಗೆ ಕೆಲಸ ಕಲಿಸಲು ಆಸ್ಪತ್ರೆಯವರು ನೇಮಿಸಿದ್ದ ಹಿರಿಯ ನರ್ಸ್. ದಿನಾ ಕುಣಿಗಲ್ಲಿನಿಂದ ಬಂದು ಹೋಗುತ್ತಿದ್ದರೂ ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ತಡವಾದವರಲ್ಲ. ಬೇರೆ ಯಾರಿಗೂ ಸಿಗದ ನರ ಅವರ ಬೆರಳಿಗೆ ಸಿಗುತ್ತಿತ್ತು. ಕೈ ಅಷ್ಟು ಹಗುರ, ಬಾಯಿ ಮಾತ್ರ ದೇವರಿಗೇ ಪ್ರೀತಿ. ಮೂರು ತಿಂಗಳು ಮುಗಿದಾಗ ಶಾಹೀನಳನ್ನು ಇಟ್ಟುಕೊಳ್ಳಬೇಕೋ ಬೇಡವೋ ಎಂದು ಬರೆದುಕೊಡಬೇಕಾದವರೂ ಅವರೇ.

“ಏನೇ, ಕಾಲೇಜಲ್ಲಿ ಇದ್ನೇನಾ ಕಲ್ತಿದ್ದು? ಕೈ ನಡುಗೋರು ಮದ್ವೆ ಮಾಡ್ಕೊಂಡು ಮನೇಲಿರ್ಬೇಕು ಕಣಮ್ಮ, ಇಲ್ಲಿಗ್ಯಾಕೆ ಬರ್ತೀರಾ?” ಇದು ಹನ್ನೆರಡು ಮಂಚಗಳ ರೋಗಿಗಳ ಎದುರಿಗೆ. ರೋಗಿಗಳ ಕಡೆಯವರು ಇಡ್ಲಿ ತಿನ್ನುವುದನ್ನು ನಿಲ್ಲಿಸಿ ಕೇಳುತ್ತಿದ್ದರು. ಆಮೇಲೆ ಅವರೇ “ಆ ದೊಡ್ಡ ಸಿಸ್ಟರೇ ಸೂಜಿ ಹಾಕ್ಲಿ” ಎನ್ನುತ್ತಿದ್ದರು. ನಡುಗದ ಕೈಯೂ ನಡುಗುವಂತೆ ಮಾಡಿ, ಕೈ ನಡುಗುತ್ತದೆ ಎಂದು ಬೈಯುವುದು ಯಾವ ನ್ಯಾಯವೋ ನನಗಂತೂ ತಿಳಿಯದು.

ಪತ್ರವನ್ನು ಮೊದಲು ಕಂಡವಳು ಶಾಹೀನಳ ತಾಯಿ ಖುರ್ಷಿದಾ ಬೇಗಂ. ಆಗ ಅವಳು ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತಾ ಕೂತಿದ್ದಳು. ಮಗಳು ಅಳುತ್ತಾ ಎಲ್ಲ ಹೇಳಿದಳು. ತಾಯಿ ಸಮಾಧಾನ ಮಾಡಲಿಲ್ಲ, ಮೊರವನ್ನೇ ಅವಳ ಮುಂದೆ ತಳ್ಳಿದಳು.

“ಅವರು ಬೈದಿದ್ದರಲ್ಲಿ ಎಲ್ಲವೂ ಕಲ್ಲೇನಾ? ಒಂದು ಕಾಳೂ ಇಲ್ವಾ?” ಎಂದು ಮನೆಯ ಉರ್ದುವಿನಲ್ಲಿ ಕೇಳಿದಳು. “ಕಲ್ಲಿದೆ ಅಂತ ಯಾರಾದ್ರೂ ಅಕ್ಕಿ ಚೆಲ್ತಾರಾ? ಹಾಗಂತ ಕಲ್ಲೂ ನುಂಗಬೇಡ.”

ಅಂದಿನಿಂದ ಶಾಹೀನ್ ಡ್ಯೂಟಿ ಮುಗಿಸಿ ಬಸ್ಸು ಹತ್ತಿದೊಡನೆ ಅಂದಿನ ಬೈಗುಳವನ್ನು ಮನಸ್ಸಿನಲ್ಲೇ ಹರಡಿಕೊಳ್ಳುತ್ತಿದ್ದಳು. ‘ಗ್ಲೌಸ್ ಬದಲಾಯಿಸದೆ ಎರಡನೇ ಗಾಯ ಮುಟ್ಟಿದೆ’: ಅಕ್ಕಿ, ಇಟ್ಟುಕೋ. ‘ನಿನ್ನಂಥವಳಿಂದ ಆಗಲ್ಲ’: ಕಲ್ಲು, ಬಿಸಾಕು. ದಾರಿಯಲ್ಲಿನ ಹೆಗ್ಗೆರೆ ದಾಟುವಷ್ಟರಲ್ಲಿ ಅರ್ಧ ಮುಗಿಯುತ್ತಿತ್ತು. ಆದರೆ ಕೆಲವು ಕಲ್ಲು ಅಕ್ಕಿಯ ಬಣ್ಣದವೇ ಇರುತ್ತವೆ. ಗುಬ್ಬಿ ಬಂದರೂ ಅವು ಬೇರೆಯಾಗುತ್ತಿರಲಿಲ್ಲ.

ಅಂಥ ಒಂದು ಕಲ್ಲು ಹನ್ನೊಂದನೇ ಮಂಚದ ಸದಾಶಿವಯ್ಯನವರ ವಿಷಯದಲ್ಲಿ ಬಿದ್ದ ಬೈಗುಳ. ಊರ್ಡಿಗೆರೆ ಕಡೆಯ ಹಿರಿಯರು. ಸಕ್ಕರೆ ಕಾಯಿಲೆಯಿಂದ ಕಾಲಿನ ಹುಣ್ಣು ಮಾಯದೆ ದಾಖಲಾಗಿದ್ದರು. ಎಂಟು ಗಂಟೆಗೆ ಇನ್ಸುಲಿನ್, ಎಂಟೂವರೆಗೆ ತಿಂಡಿ ಎಂದು ಚಾರ್ಟಿನಲ್ಲಿತ್ತು. ಆದರೆ ಅಜ್ಜ ಲಿಂಗಪೂಜೆಯಾಗದೆ ಗುಟುಕು ನೀರೂ ಮುಟ್ಟುವವರಲ್ಲ. ಹೆಂಡತಿ ಸರ್ವಮಂಗಳಮ್ಮ ಬಿಸಿನೀರು ತಂದು ಮೈ ಒರೆಸಿ, ಅವರು ವಿಭೂತಿ ಧರಿಸಿ, ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮುಗಿಸುವ ಹೊತ್ತಿಗೆ ಒಮ್ಮೊಮ್ಮೆ ಒಂಬತ್ತೂವರೆ. ಕೊನೆಗೆ ಲಿಂಗಕ್ಕೆ ತೋರಿಸಿದ ಒಂದು ಚಿಟಿಕೆ ಸಕ್ಕರೆ ಬಾಯಿಗೆ ಹಾಕಿಕೊಂಡರೆ ಆಮೇಲೆ ತಿಂಡಿ.

ಅಮ್ಮಿಗೂ ಸಕ್ಕರೆ ಕಾಯಿಲೆ; ರಂಜಾನ್ ತಿಂಗಳಲ್ಲಿ ಅವಳ ಇನ್ಸುಲಿನ್ ಹೊತ್ತನ್ನು ಡಾಕ್ಟರು ಬದಲಿಸಿಕೊಡುವುದನ್ನು ಕಂಡು ಬೆಳೆದವಳು ಶಾಹೀನ್. ಹೊಟ್ಟೆಗೆ ಬೀಳದೆ ಸೂಜಿ ಬಿದ್ದರೆ ಸಕ್ಕರೆ ಕುಸಿದು ಏನಾಗುತ್ತದೆಂದು ಪುಸ್ತಕಕ್ಕಿಂತ ಮೊದಲೇ ಅವಳಿಗೆ ಗೊತ್ತಿತ್ತು. ಹಾಗಾಗಿ ದಿನಾ “ಪೂಜೆ ಮುಗೀತಾ ತಾತಾ?” ಎಂದು ಕೇಳಿ, ತಿಂಡಿ ತಟ್ಟೆ ಬಂದ ಮೇಲೆಯೇ ಸೂಜಿ ಹಾಕುತ್ತಿದ್ದಳು. ಅವಳ ತಪ್ಪೆಂದರೆ, ಇದನ್ನು ಡಾಕ್ಟರಿಗೆ ಹೇಳಿ ಚಾರ್ಟಿನಲ್ಲಿ ಬರೆಸಲಿಲ್ಲ. ಬಾಯಿ ತೆರೆಯಲು ಭಯ.

ತಡವಾಗಿದ್ದು ಪ್ರಮೀಳಾ ಸಿಸ್ಟರ್ ಕಣ್ಣಿಗೆ ಬಿತ್ತು. “ಎಂಟು ಗಂಟೆ ಅಂದ್ರೆ ಎಂಟು ಗಂಟೆ. ಇದೇನ್ ನಿಮ್ಮನೆ ಅಡುಗೆಮನೇನಾ? ನಾಳೆಯಿಂದ ಹನ್ನೊಂದನೇ ಬೆಡ್ ಸೂಜಿ ನಾನೇ ಹಾಕ್ತೀನಿ.”

“ಸಿಸ್ಟರ್, ಅವ್ರು ಪೂಜೆ...”

“ಎದುರು ಮಾತಾಡ್ಬೇಡ.”

ಮಾರನೇ ದಿನ ಸರಿಯಾಗಿ ಎಂಟಕ್ಕೆ ಸೂಜಿ ಬಿತ್ತು. ಅಂದೇ ಗೀಸರ್ ಕೆಟ್ಟಿತ್ತು. ಸರ್ವಮಂಗಳಮ್ಮ ಬಿಸಿನೀರಿಗಾಗಿ ಕೆಳಗಿನ ಕ್ಯಾಂಟೀನಿಗೆ ಅಲೆದು ಬರುವಾಗ ಒಂಬತ್ತು ದಾಟಿತ್ತು. ಶಾಹೀನ್ ಡ್ರೆಸ್ಸಿಂಗ್ ಟ್ರೇ ಹಿಡಿದು ಬಂದಾಗ ಅಜ್ಜ ಲಿಂಗ ಹಿಡಿದು ಕೂತಿದ್ದರು. ಹಣೆಯ ವಿಭೂತಿ ಬೆವರಿನಲ್ಲಿ ಇಳಿಯುತ್ತಿತ್ತು, ಅಂಗೈ ಕಂಪಿಸುತ್ತಿತ್ತು. ಬೆರಳು ಚುಚ್ಚಿ ನೋಡಿದರೆ, ಎಪ್ಪತ್ತಾದರೂ ಇರಬೇಕಾದ ಸಕ್ಕರೆ ನಲವತ್ತಾರಕ್ಕೆ ಇಳಿದಿತ್ತು.

“ತಾತಾ, ಇದನ್ನ ಕುಡೀರಿ” ಎಂದು ಗ್ಲೂಕೋಸ್ ನೀರು ಹಿಡಿದಳು. ಅಜ್ಜ ತಲೆ ಅಲ್ಲಾಡಿಸಿದರು. “ಪೂಜೆ ಆಗಿಲ್ಲ ಮಗಾ.”

ಪ್ರಮೀಳಾ ಸಿಸ್ಟರ್ ಓಡಿ ಬಂದರು. “ಕುಡೀರಿ ಅಜ್ಜಾ, ಪ್ರಾಣಕ್ಕಿಂತ ಪೂಜೆ ದೊಡ್ಡದಾ?” ಎಂದು ಗದರಿದರು. ಗದರಿದಷ್ಟೂ ಅಜ್ಜನ ತುಟಿ ಬಿಗಿಯಾಯಿತು.

ಶಾಹೀನ್ ಲೋಟ ಕೆಳಗಿಟ್ಟಳು. ಗ್ಲೂಕೋಸ್ ಪುಡಿಯ ಡಬ್ಬಿಯನ್ನು ಸರ್ವಮಂಗಳಮ್ಮನ ಕೈಗೆ ಕೊಟ್ಟಳು. “ಅಜ್ಜೀ, ಇದೂ ಸಕ್ಕರೇನೇ. ಲಿಂಗಕ್ಕೆ ತೋರ್ಸಿ, ಪ್ರಸಾದ ಅಂತ ನೀವೇ ಕೊಡಿ. ಬೇಗ.”

ಅಜ್ಜಿಗೆ ಎರಡನೇ ಸಲ ಹೇಳಬೇಕಾಗಲಿಲ್ಲ. ಚಮಚ ತುಂಬ ಪುಡಿಯನ್ನು ಲಿಂಗಕ್ಕೆ ತೋರಿಸಿ ಗಂಡನ ಬಾಯಿಗೆ ಹಿಡಿದಳು. ಅಜ್ಜ ಬಾಯಿ ತೆರೆದರು. ಒಂದು, ಎರಡು, ಮೂರು ಚಮಚ. ಕಾಲು ಗಂಟೆಯಲ್ಲಿ ಅಂಗೈಯ ಕಂಪನ ನಿಂತಿತು. ಶಾಹೀನಳಿಗೆ ಆಗ ಕಣ್ಣು ತುಂಬಿ ಬಂತು. ಭಯವೋ ಸಂತೋಷವೋ, ಎರಡೂ ಇತ್ತು.

ಡಾಕ್ಟರ್ ಗುರುಪ್ರಕಾಶ್ ಬಂದವರೇ ಕೇಳಿದರು: “ಇನ್ಸುಲಿನ್ ಕೊಟ್ಟಿದ್ಯಾರು?”

ತನ್ನ ತಲೆಗೇ ಕಟ್ಟುತ್ತಾರೆಂದು ಶಾಹೀನ್ ಬ್ಯಾಗಿನ ಪತ್ರ ನೆನೆದಳು. ಆದರೆ ಪ್ರಮೀಳಾ ಸಿಸ್ಟರಿಗೆ ಸುಳ್ಳು ಬರುತ್ತಿರಲಿಲ್ಲ. “ನಾನೇ ಸರ್. ಟೈಮಿಗೆ ಸರಿಯಾಗಿ ಕೊಟ್ಟಿದೀನಿ. ತಿಂದ್ರಾ ಇಲ್ವಾ ಅಂತ ನೋಡ್ಬೇಕಾಗಿದ್ದು ಈ ಹುಡ್ಗಿ” ಎಂದರು. ಅರ್ಧ ನಿಜ, ಅರ್ಧ ಕಲ್ಲು.

ಈ ಸಲ ಶಾಹೀನ್ ಬಸ್ಸಿನವರೆಗೆ ಕಾಯಲಿಲ್ಲ. “ಸರ್, ಇವ್ರು ಪೂಜೆ ಮುಗಿಯೋವರ್ಗೂ ತಿನ್ನಲ್ಲ. ನಂಗೆ ಮೊದ್ಲೇ ಗೊತ್ತಿತ್ತು, ನಿಮ್ಗೆ ಹೇಳ್ಳಿಲ್ಲ, ಅದು ನನ್ನ ತಪ್ಪು. ತಟ್ಟೆ ಮುಂದೆ ಬಂದ್ಮೇಲೆ ಇನ್ಸುಲಿನ್ ಅಂತ ಬರ್ಕೊಡಿ ಸರ್.” ದನಿ ನಡುಗಲಿಲ್ಲ. ಅದಕ್ಕೆ ಅವಳಿಗೇ ಆಶ್ಚರ್ಯವಾಯಿತು. ಡಾಕ್ಟರು ಬರೆದುಕೊಟ್ಟರು.

ಪ್ರಮೀಳಾ ಸಿಸ್ಟರ್ ಕ್ಷಮೆ ಕೇಳಿದರಾ? ಇಲ್ಲ. ಕೆಟ್ಟ ನಾಲಿಗೆಯ ಹಿಂದೆಲ್ಲ ಒಂದು ಹಳೇ ಗಾಯ ಹುಡುಕುವುದು ನಮ್ಮಂಥವರ ಚಟ. ಅವರಿಗೆ ಗಾಯವಿತ್ತೋ ಇಲ್ಲವೋ, ಶಾಹೀನ್ ಕೇಳಲಿಲ್ಲ, ಅವರೂ ಹೇಳಲಿಲ್ಲ. ಆದರೆ ಮರುದಿನ ಬೆಳಿಗ್ಗೆ ಡ್ಯೂಟಿ ಬದಲಾಗುವಾಗ ಎಲ್ಲರ ಮುಂದೆ ಓದಿ ಹೇಳಿದರು: “ಬೆಡ್ ಹನ್ನೊಂದು. ಪೂಜೆ ಆಯ್ತಾ ಅಂತ ಕೇಳಿ, ತಟ್ಟೆ ಬಂದ್ಮೇಲೆ ಇನ್ಸುಲಿನ್. ಶಾಹೀನ್ ನೋಡ್ಕೊತಾಳೆ.” ಎರಡೂವರೆ ತಿಂಗಳಲ್ಲಿ ಅವಳ ಹೆಸರು ಅವರ ಬಾಯಲ್ಲಿ ಬಂದದ್ದು ಅದೇ ಮೊದಲು. ತಕ್ಷಣವೇ, “ನಿಂತ್ಕೊಂಡ್ ಏನ್ ನೋಡ್ತೀಯಾ? ನಿನ್ನೆ ಸೂಜಿ ಡಬ್ಬಕ್ಕೆ ಮುಚ್ಚಳ ಹಾಕ್ದೆ ಹೋಗಿದೀಯಲ್ಲ, ಯಾರಿಗಾದ್ರೂ ಚುಚ್ಚಿದ್ರೆ?” ಎಂದರು.

ಅಂದು ಬಸ್ಸಿನಲ್ಲಿ ಆರಿಸಲು ಹೆಚ್ಚೇನೂ ಇರಲಿಲ್ಲ. ಮನೆಗೆ ಬಂದಾಗ ಖುರ್ಷಿದಾ ಬೇಗಂ ಕೇಳಿದಳು, “ಇವತ್ತು ಎಷ್ಟು ಕಲ್ಲು?”

“ಒಂದೇ ಬೈಗುಳ ಅಮ್ಮಿ. ಮುಚ್ಚಳ ಹಾಕಿರಲಿಲ್ಲ ಅಂತ.” ಶಾಹೀನ್ ಬ್ಯಾಗಿನಿಂದ ರಾಜೀನಾಮೆ ಪತ್ರ ತೆಗೆದು, ಉರಿಗೆ ಹಾಕಲೆಂದು ಒಲೆಯ ಪಕ್ಕ ಇಟ್ಟಳು. “ಆ ಬೈಗುಳ ಅಕ್ಕಿ.”